ಎಣಿಕೆಗೆ ಸಿಗದ ವಿಜ್ಞಾನಿ: ಗ್ರೆಗೊರ್ ಮೆಂಡೆಲ್

ವಿದ್ವಾಂಸನೊಬ್ಬನ ಸಾಧನೆಯನ್ನು ಅಳೆಯುವ ಮಾನದಂಡ ಯಾವುದು? ಧಾನ್ಯವನ್ನು ಅಳೆಯಲು ಸೇರು, ಕೊಳಗಗಳಿವೆ. ಬಟ್ಟೆಯನ್ನು ಅಳೆಯಲು ಗಜಕೋಲುಂಟು. ಜ್ಞಾನವನ್ನು ಅಳೆಯುವುದಕ್ಕೂ ಅಂತಹ ಕೋಲೊಂದು ದೊರೆತೀತೇ ಎಂದು ಮನುಷ್ಯನು ಬಹುಕಾಲದಿಂದ ಹುಡುಕುತ್ತ ಬಂದಿದ್ದಾನೆ. ನಮ್ಮ ಕಾಲದಲ್ಲಿ ಎರಡು ಎಣಿಕೆಗಳು ಆ ಕೋಲಿನ ಸ್ಥಾನವನ್ನು ಪಡೆದಿವೆ. ಒಬ್ಬ ವಿಜ್ಞಾನಿ ಎಷ್ಟು ಪ್ರಬಂಧಗಳನ್ನು ಪ್ರಕಟಿಸಿದನೆಂಬುದು ಒಂದು. ಆ ಪ್ರಬಂಧಗಳನ್ನು ಇತರ ವಿಜ್ಞಾನಿಗಳು ತಮ್ಮ ಬರಹಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದರೆಂಬುದು ಇನ್ನೊಂದು. ವಿದ್ಯಾಲಯಗಳ ಹುದ್ದೆ, ಬಡ್ತಿ, ಸಂಶೋಧನೆಗೆ ದೊರೆಯುವ ಧನಸಹಾಯ ಇವೆಲ್ಲವೂ ಬಹುಮಟ್ಟಿಗೆ ಈ ಎಣಿಕೆಗಳನ್ನೇ ನೆಚ್ಚಿಕೊಂಡಿವೆ. ಇಂತಹ ಕಾಲದಲ್ಲಿ, ಆನುವಂಶಿಕತೆಯನ್ನು ಕುರಿತು ಬಾಳಿನಲ್ಲಿ ಎರಡೇ ಪ್ರಬಂಧಗಳನ್ನು ಅಚ್ಚು ಹಾಕಿಸಿ, ಅವುಗಳ ಬೆಲೆ ಲೋಕಕ್ಕೆ ತಿಳಿಯುವ ಮೊದಲೇ ಕಣ್ಣು ಮುಚ್ಚಿದ ಒಬ್ಬ ಸನ್ಯಾಸಿಯ ಚರಿತ್ರೆಯನ್ನು ನೆನೆಯುವುದು ಉಚಿತವೆಂದು ನಾವು ಭಾವಿಸುತ್ತೇವೆ. ಅವನೇ ಗ್ರೆಗೊರ್ ಮೆಂಡೆಲ್. ತಳಿವಿಜ್ಞಾನವೆಂಬ ಶಾಸ್ತ್ರಕ್ಕೆ ತಳಹದಿಯನ್ನು ಹಾಕಿದವನು.

ಮೆಂಡೆಲನು 1822ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಹೈಂಟ್ಸೆನ್‌ಡಾರ್ಫ್ ಎಂಬ ಸಣ್ಣ ಹಳ್ಳಿಯಲ್ಲಿ ಜನಿಸಿದನು. ಆಗ ಆಸ್ಟ್ರಿಯಾ ಚಕ್ರಾಧಿಪತ್ಯಕ್ಕೆ ಸೇರಿದ್ದ ಆ ಪ್ರದೇಶವು ಇಂದು ಚೆಕ್ ಗಣರಾಜ್ಯದಲ್ಲಿದೆ. ಯೋಹಾನ್ ಎಂಬುದು ಹೆತ್ತವರಿಟ್ಟ ಹೆಸರು; ಗ್ರೆಗೊರ್ ಎಂಬುದು ಸನ್ಯಾಸಾಶ್ರಮದ ಹೆಸರು. ತಂದೆ ಆಂಟನ್ ಬಡ ರೈತ. ಸ್ವಂತ ಹೊಲದ ದುಡಿಮೆಯಲ್ಲದೆ, ವಾರದಲ್ಲಿ ಕೆಲವು ದಿನ ಜಮೀನುದಾರನಿಗೆ ಬಿಟ್ಟಿ ಚಾಕರಿಯನ್ನೂ ಮಾಡಬೇಕಾಗಿದ್ದ ಕಾಲವದು. ಹಣ್ಣಿನ ಗಿಡಗಳಿಗೆ ಕಸಿ ಕಟ್ಟುವ ಕೆಲಸವನ್ನು ಬಾಲಕನು ತಂದೆಯ ತೋಟದಲ್ಲಿಯೇ ಕಲಿತನು. ಹುಡುಗನ ಬುದ್ಧಿಶಕ್ತಿಯನ್ನು ಕಂಡ ಊರಿನ ಶಿಕ್ಷಕರು ಅವನನ್ನು ಹೆಚ್ಚಿನ ವ್ಯಾಸಂಗಕ್ಕೆ ಕಳುಹಿಸುವಂತೆ ಒತ್ತಾಯಪಡಿಸಿದರು. ಮನೆಯವರು ಒಪ್ಪಿದರು. ಆದರೆ ಮಗನ ಊಟದ ವೆಚ್ಚವನ್ನು ಪೂರ್ಣವಾಗಿ ಭರಿಸುವ ಶಕ್ತಿಯೂ ಅವರಿಗಿರಲಿಲ್ಲ. 1838ರಲ್ಲಿ ಬಿಟ್ಟಿ ಚಾಕರಿಯ ಹೊತ್ತಿನಲ್ಲಿ ಮರದ ದಿಮ್ಮಿಯೊಂದು ಬಿದ್ದು ತಂದೆಗೆ ತೀವ್ರವಾದ ಪೆಟ್ಟಾಯಿತು. ಅಂದಿನಿಂದ ಹದಿನಾರು ವರುಷದ ಹುಡುಗನು ಇತರ ಮಕ್ಕಳಿಗೆ ಪಾಠ ಹೇಳಿ ತನ್ನ ಓದಿನ ಖರ್ಚನ್ನು ತಾನೇ ಸಂಪಾದಿಸಬೇಕಾಯಿತು. ಅರೆಹೊಟ್ಟೆ, ಅತಿಶ್ರಮ, ಚಿಂತೆ ಇವುಗಳಿಂದ ಅವನು ಪದೇ ಪದೇ ಕಾಯಿಲೆ ಬಿದ್ದನು.

ಓದು ಅಲ್ಲಿಗೆ ನಿಂತುಹೋಗುವ ಪ್ರಸಂಗ ಒದಗಿದಾಗ ಅದನ್ನು ತಪ್ಪಿಸಿದವಳು ಅವನ ತಂಗಿ ತೆರೇಸಿಯಾ. ಮದುವೆಗೆಂದು ತನ್ನ ಪಾಲಿಗೆ ಬಂದಿದ್ದ ಹಣದ ಒಂದು ಭಾಗವನ್ನು ಆ ಎಳೆಯ ಹುಡುಗಿ ಅಣ್ಣನಿಗೆ ಬಿಟ್ಟುಕೊಟ್ಟಳು. ಮೆಂಡೆಲನು ಈ ಋಣವನ್ನು ಮರೆಯಲಿಲ್ಲ. ಮುಂದೆ ತನಗೆ ಅನುಕೂಲವಾದಾಗ ಅವಳ ಗಂಡುಮಕ್ಕಳ ವಿದ್ಯಾಭ್ಯಾಸಕ್ಕೆ ನೆರವಾದನು. ಅವರಲ್ಲಿ ಇಬ್ಬರು ವೈದ್ಯರಾದರು. ಯಾವ ವಿಜ್ಞಾನದ ಚರಿತ್ರೆಯ ಲೆಕ್ಕದಲ್ಲಿಯೂ ತೆರೇಸಿಯಾಳ ಕಾಣಿಕೆ ಜಮೆಯಾಗುವುದಿಲ್ಲ. ಆದರೂ ಆ ಹಣವಿಲ್ಲದಿದ್ದರೆ ಬಟಾಣಿಯ ಪ್ರಯೋಗಗಳು ನಡೆಯುತ್ತಿದ್ದುವೇ ಎಂದು ನಾವು ಕೇಳಿಕೊಳ್ಳದಿರಲಾರೆವು.

1843ರಲ್ಲಿ, ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಮೆಂಡೆಲನು ಬ್ರನೋ ನಗರದ ಸೇಂಟ್ ಥಾಮಸ್ ಮಠವನ್ನು ಸೇರಿದನು. ಹೊಟ್ಟೆಪಾಡಿನ ಚಿಂತೆಯಿಂದ ಬಿಡುಗಡೆಯನ್ನು ಪಡೆಯುವುದೇ ಮುಖ್ಯ ಕಾರಣವೆಂಬುದನ್ನು ಅವನು ಮುಚ್ಚಿಡಲಿಲ್ಲ. ಅಗಸ್ಟೀನ್ ಪಂಥದ ಆ ಮಠವು ಜಪತಪಗಳಿಗಷ್ಟೇ ಮೀಸಲಾದ ಸ್ಥಳವಾಗಿರಲಿಲ್ಲ. ಅಲ್ಲಿ ದೊಡ್ಡ ಗ್ರಂಥಭಂಡಾರವಿತ್ತು, ಗಿಡಮೂಲಿಕೆಗಳ ಸಂಗ್ರಹವಿತ್ತು; ಮಠದ ಸದಸ್ಯರು ನಗರದ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದರು. ಮಠಾಧಿಪತಿಯಾದ ಸಿರಿಲ್ ನಾಪ್ ದೂರದೃಷ್ಟಿಯುಳ್ಳ ವ್ಯಕ್ತಿ. ಕುರಿಗಳ ಉಣ್ಣೆಯನ್ನೂ ಹಣ್ಣಿನ ತಳಿಗಳನ್ನೂ ಉತ್ತಮಪಡಿಸುವ ವಿಷಯದಲ್ಲಿ ಆ ಪ್ರಾಂತದ ರೈತರಿಗೂ ವರ್ತಕರಿಗೂ ಇದ್ದ ಆಸಕ್ತಿ ಅವನಿಗೂ ಇತ್ತು. ತಾಯಿತಂದೆಗಳ ಗುಣ ಮಕ್ಕಳಿಗೆ ಹೇಗೆ ಬರುತ್ತದೆಂಬ ಪ್ರಶ್ನೆ ಆ ಮಠದ ಗೋಡೆಗಳೊಳಗೆ ಹೊಸದಾಗಿರಲಿಲ್ಲ.

ಮೆಂಡೆಲನಿಗೆ ರೋಗಿಗಳ ಬಳಿ ಕುಳಿತು ಸಾಂತ್ವನ ಹೇಳುವ ಪಾದ್ರಿಯ ಕೆಲಸ ಒಗ್ಗಲಿಲ್ಲ; ನೋವನ್ನು ಕಂಡರೆ ಅವನೇ ಹಾಸಿಗೆ ಹಿಡಿಯುತ್ತಿದ್ದನು. ಇದನ್ನರಿತ ನಾಪ್, 1849ರಲ್ಲಿ ಅವನನ್ನು ಜ್ನೋಯ್ಮೊ ಎಂಬ ಪಟ್ಟಣದ ಶಾಲೆಗೆ ಬದಲಿ ಶಿಕ್ಷಕನನ್ನಾಗಿ ಕಳುಹಿಸಿದನು. ಪಾಠ ಹೇಳುವುದರಲ್ಲಿ ಮೆಂಡೆಲನು ಸಮರ್ಥನೆಂದು ಎಲ್ಲರೂ ಮೆಚ್ಚಿದರು. ಆದರೆ ಕಾಯಂ ಶಿಕ್ಷಕನಾಗಬೇಕಾದರೆ ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. 1850ರಲ್ಲಿ ವಿಯೆನ್ನಾದಲ್ಲಿ ನಡೆದ ಆ ಪರೀಕ್ಷೆಯಲ್ಲಿ ಅವನು ಅನುತ್ತೀರ್ಣನಾದನು. ಪ್ರಾಣಿಗಳ ವರ್ಗೀಕರಣದ ವಿಷಯದಲ್ಲಿ ಅವನ ಉತ್ತರ ಪರೀಕ್ಷಕರಿಗೆ ತೀರ ಅತೃಪ್ತಿಕರವಾಗಿ ಕಂಡಿತು. 1856ರಲ್ಲಿ ಇನ್ನೊಮ್ಮೆ ಪ್ರಯತ್ನಿಸಿದನು. ಆಗಲೂ ಅನಾರೋಗ್ಯದಿಂದ ಕುಗ್ಗಿ, ಅರ್ಹತಾಪತ್ರವಿಲ್ಲದೆಯೇ ಮಠಕ್ಕೆ ಹಿಂದಿರುಗಿದನು. ಹೀಗಾಗಿ ತಳಿವಿಜ್ಞಾನದ ಪಿತಾಮಹನು ಕೊನೆಯವರೆಗೂ ಬದಲಿ ಶಿಕ್ಷಕನಾಗಿಯೇ ಉಳಿದನು. ಪರೀಕ್ಷಕರು ಅನ್ಯಾಯ ಮಾಡಿದರೆಂದು ನಾವು ಹೇಳುವುದಿಲ್ಲ. ಅವರು ಕೇಳಿದ ಪ್ರಶ್ನೆಗಳಿಗೆ ಅವನಲ್ಲಿ ಉತ್ತರವಿರಲಿಲ್ಲ. ಅವನಲ್ಲಿದ್ದ ಉತ್ತರಕ್ಕೆ ತಕ್ಕ ಪ್ರಶ್ನೆಯನ್ನು ಅಂದು ಯಾವ ಪರೀಕ್ಷಕನೂ ಕೇಳುವಂತಿರಲಿಲ್ಲ.

ಈ ಎರಡು ಸೋಲುಗಳ ನಡುವೆ ಒಂದು ಭಾಗ್ಯ ಒದಗಿಬಂದಿತು. 1851ರಿಂದ 1853ರವರೆಗೆ ಮಠದ ಖರ್ಚಿನಲ್ಲಿ ಮೆಂಡೆಲನು ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿದನು. ದೂರ ಸರಿಯುವ ಶಬ್ದದ ಸ್ವರ ಇಳಿಯುವುದೇಕೆಂಬುದನ್ನು ವಿವರಿಸಿ ಪ್ರಸಿದ್ಧನಾಗಿದ್ದ ಡಾಪ್ಲರ್ ಅಲ್ಲಿ ಅವನಿಗೆ ಭೌತಶಾಸ್ತ್ರದ ಗುರು. ಎಟಿಂಗ್ಸ್‌ಹೌಸೆನ್ ಎಂಬವನು ವಸ್ತುಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದೆಂಬ ಗಣಿತದಲ್ಲಿ ಪರಿಣತ. ಸಸ್ಯಶಾಸ್ತ್ರವನ್ನು ಬೋಧಿಸಿದ ಊಂಗರ್ ಸಸ್ಯಜಾತಿಗಳು ಕಾಲಕ್ರಮದಲ್ಲಿ ಬದಲಾಗುತ್ತವೆಂದು ನಂಬಿದ್ದವನು. ಭೌತಶಾಸ್ತ್ರದ ಶಿಸ್ತು, ಗಣಿತದ ಲೆಕ್ಕ, ಸಸ್ಯದ ಪ್ರಶ್ನೆ ಇವು ಮೂರೂ ಒಬ್ಬನೇ ವಿದ್ಯಾರ್ಥಿಯ ತಲೆಯಲ್ಲಿ ಕೂಡಿದುದು ಅಪೂರ್ವವಾದ ಯೋಗ.

ಬ್ರನೋಗೆ ಮರಳಿದ ಮೆಂಡೆಲನು 1854ರಲ್ಲಿ ಅಲ್ಲಿಯ ಶಾಲೆಯೊಂದರಲ್ಲಿ ಭೌತಶಾಸ್ತ್ರ ಮತ್ತು ಪ್ರಕೃತಿಶಾಸ್ತ್ರಗಳ ಬೋಧನೆಗೆ ತೊಡಗಿದನು. ಬಿಡುವಿನ ವೇಳೆಯಲ್ಲಿ ಮಠದ ಕಿರಿದಾದ ತೋಟದಲ್ಲಿ ಬಟಾಣಿಯನ್ನು ಬೆಳೆದನು. ಬಟಾಣಿಯನ್ನೇ ಆರಿಸಿದುದಕ್ಕೆ ಕಾರಣವಿತ್ತು. ಅದರ ಹೂವಿನ ದಳಗಳು ಕೇಸರಗಳನ್ನು ಮುಚ್ಚಿಕೊಂಡಿರುವುದರಿಂದ ಹೂವು ತನ್ನ ಪರಾಗದಿಂದಲೇ ಬೀಜ ಕಟ್ಟುತ್ತದೆ. ಹೊರಗಿನ ಪರಾಗ ಸುಲಭವಾಗಿ ಒಳಸೇರದು. ಎರಡು ತಳಿಗಳನ್ನು ಕೂಡಿಸಬೇಕಾದರೆ ಎಳೆಯ ಮೊಗ್ಗನ್ನು ಬಿಡಿಸಿ, ಅದರ ಕೇಸರಗಳನ್ನು ಚಿಮಟದಿಂದ ಕಿತ್ತು, ಬೇಕಾದ ಗಿಡದ ಪರಾಗವನ್ನು ತಂದು ಸವರಬೇಕು. ಮೊದಲ ಎರಡು ವರುಷಗಳನ್ನು ಮೆಂಡೆಲನು ಪ್ರಯೋಗಕ್ಕಲ್ಲ, ಪ್ರಯೋಗದ ಸಿದ್ಧತೆಗೆ ವಿನಿಯೋಗಿಸಿದನು. 34 ತಳಿಗಳನ್ನು ಬೆಳೆದು, ಅವುಗಳ ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಬದಲಾಗದೆ ಬರುತ್ತವೆಯೇ ಎಂದು ಪರೀಕ್ಷಿಸಿ, 22ನ್ನು ಉಳಿಸಿಕೊಂಡನು. ಬೀಜದ ಆಕಾರ, ಬೀಜದ ಬಣ್ಣ, ಹೂವಿನ ಬಣ್ಣ, ಕಾಯಿಯ ಆಕಾರ, ಕಾಯಿಯ ಬಣ್ಣ, ಹೂ ಬಿಡುವ ಸ್ಥಾನ, ಗಿಡದ ಎತ್ತರ ಹೀಗೆ ಏಳು ಲಕ್ಷಣಗಳನ್ನು ಆರಿಸಿಕೊಂಡನು. 1856ರಿಂದ 1863ರವರೆಗೆ, ಎಂಟು ಬೇಸಾಯಗಳಲ್ಲಿ, ಸುಮಾರು 28,000 ಗಿಡಗಳು ಅವನ ಕೈಯಿಂದ ಹಾದುಹೋದುವು.

ಅವನಿಗಿಂತ ಮುಂಚೆ ಸಸ್ಯಗಳ ಮಿಶ್ರತಳಿಗಳನ್ನು ಬೆಳೆಸಿದವರು ಅನೇಕರಿದ್ದರು. ಅವರು ಗಿಡವನ್ನು ಇಡಿಯಾಗಿ ನೋಡಿ, ಇದು ತಾಯಿಯನ್ನು ಹೋಲುತ್ತದೆ, ಅದು ತಂದೆಯನ್ನು ಹೋಲುತ್ತದೆ ಎಂದು ವರ್ಣಿಸಿ ತೃಪ್ತರಾದರು. ಮೆಂಡೆಲನು ಒಂದೊಂದು ಲಕ್ಷಣವನ್ನು ಬೇರೆಯಾಗಿ ತೆಗೆದುಕೊಂಡು, ಎಷ್ಟು ಗಿಡಗಳಲ್ಲಿ ಅದು ಕಂಡಿತೆಂದು ಎಣಿಸಿದನು.

ಆ ಎಣಿಕೆಯನ್ನು ಕೊಂಚ ನೋಡೋಣ. ನುಣುಪಾದ ದುಂಡು ಬೀಜದ ತಳಿಯನ್ನೂ ಸುಕ್ಕು ಬೀಜದ ತಳಿಯನ್ನೂ ಕೂಡಿಸಿದಾಗ ಮೊದಲ ಪೀಳಿಗೆಯ ಬೀಜಗಳೆಲ್ಲ ದುಂಡಾಗಿಯೇ ಬಂದುವು. ಸುಕ್ಕು ಅಳಿದುಹೋದಂತೆ ತೋರಿತು. ಆ ಬೀಜಗಳಿಂದ ಬೆಳೆದ ಗಿಡಗಳು ತಮ್ಮ ಪರಾಗದಿಂದಲೇ ಕಾಯಿ ಕಟ್ಟಿದಾಗ ಎರಡನೆಯ ಪೀಳಿಗೆಯಲ್ಲಿ 7,324 ಬೀಜಗಳು ದೊರೆತುವು. ಅವುಗಳಲ್ಲಿ 5,474 ದುಂಡು, 1,850 ಸುಕ್ಕು. ಬಣ್ಣದ ಪ್ರಯೋಗದಲ್ಲಿ 8,023 ಬೀಜಗಳ ಪೈಕಿ 6,022 ಹಳದಿ, 2,001 ಹಸಿರು. ಎತ್ತರದ ಪ್ರಯೋಗದಲ್ಲಿ 1,064 ಗಿಡಗಳ ಪೈಕಿ 787 ಉದ್ದ, 277 ಗಿಡ್ಡ. ಏಳು ಲಕ್ಷಣಗಳಲ್ಲಿಯೂ ಕತೆ ಒಂದೇ: ಹೆಚ್ಚುಕಡಿಮೆ ಮೂರಕ್ಕೆ ಒಂದು. ಕಳೆದುಹೋಯಿತೆಂದು ತೋರಿದ ಗುಣವು ಮೊಮ್ಮಕ್ಕಳಲ್ಲಿ ಕಾಲುಭಾಗವಾಗಿ, ಕಿಂಚಿತ್ತೂ ಮಾಸದೆ, ಮರಳಿ ಬಂದಿತು.

ಇದರ ಅರ್ಥವೇನು? ಪ್ರತಿಯೊಂದು ಗಿಡದಲ್ಲಿಯೂ ಪ್ರತಿ ಲಕ್ಷಣಕ್ಕೆ ಎರಡು ಅಂಶಗಳಿರುತ್ತವೆ. ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದುದು. ಸಂತತಿಗೆ ಕೊಡುವಾಗ ಗಿಡವು ಎರಡರಲ್ಲಿ ಒಂದನ್ನು ಮಾತ್ರ ಕೊಡುತ್ತದೆ. ಯಾವುದನ್ನು ಎಂಬುದು ಆಕಸ್ಮಿಕ. ಪ್ರಬಲವಾದ ಅಂಶ ಒಂದಿದ್ದರೂ ಅದೇ ಹೊರಗೆ ತೋರುತ್ತದೆ. ದುರ್ಬಲವಾದುದು ಕಾಣಬೇಕಾದರೆ ಎರಡೂ ದುರ್ಬಲವಾಗಿರಬೇಕು. ಎರಡು ನಾಣ್ಯಗಳನ್ನು ಒಟ್ಟಿಗೆ ಮೇಲಕ್ಕೆ ಚಿಮ್ಮುತ್ತ ಹೋದರೆ, ಎರಡೂ ಮುಖ ಕೆಳಗಾಗಿ ಬೀಳುವುದು ಸರಾಸರಿ ನಾಲ್ಕು ಸಲಕ್ಕೆ ಒಮ್ಮೆ. ಬಟಾಣಿಯ ಲೆಕ್ಕವೂ ಅದೇ ಆಗಿದೆ. ತಾಯಿತಂದೆಗಳ ಗುಣಗಳು ಹಾಲುನೀರಿನಂತೆ ಬೆರೆತುಹೋಗುತ್ತವೆಂದು ಅಂದಿನ ವಿದ್ವಾಂಸರು ತಿಳಿದಿದ್ದರು. ಅವು ಜೋಳದೊಡನೆ ಕೂಡಿಸಿಟ್ಟ ಕಡಲೆಯಂತೆ ಬೇರೆಬೇರೆಯಾಗಿಯೇ ಉಳಿಯುತ್ತವೆಂದು ಮೆಂಡೆಲನು ತೋರಿಸಿದನು.

1865ನೆಯ ಇಸವಿಯ ಫೆಬ್ರವರಿ 8 ಮತ್ತು ಮಾರ್ಚ್ 8ರಂದು ಬ್ರನೋ ನಗರದ ಪ್ರಕೃತಿವಿಜ್ಞಾನ ಸಂಘದ ಸಭೆಗಳಲ್ಲಿ ಅವನು ತನ್ನ ಪ್ರಬಂಧವನ್ನು ಓದಿದನು. ಸಭಿಕರು ಮರ್ಯಾದೆಯಿಂದ ಕೇಳಿದರು. ಊರಿನ ಪತ್ರಿಕೆಯಲ್ಲಿ ವರದಿಯೂ ಬಂದಿತು. 1866ರಲ್ಲಿ ಸಂಘದ ವಾರ್ಷಿಕ ಸಂಪುಟದಲ್ಲಿ ಪ್ರಬಂಧ ಅಚ್ಚಾಯಿತು; ಪುಟಗಳು ನಲವತ್ತೈದು. ಆ ಸಂಪುಟ ಯೂರೋಪಿನ ಮತ್ತು ಅಮೆರಿಕದ ನೂರಕ್ಕೂ ಮಿಕ್ಕ ಗ್ರಂಥಭಂಡಾರಗಳಿಗೆ ತಲುಪಿತು. ಮೆಂಡೆಲನು 40 ಬಿಡಿ ಪ್ರತಿಗಳನ್ನು ತರಿಸಿಕೊಂಡು ಕೆಲವನ್ನು ವಿದ್ವಾಂಸರಿಗೆ ಕಳುಹಿಸಿದನು. ಆದುದರಿಂದ ಅವನ ಶೋಧವು ಮೂಲೆಯಲ್ಲಿ ಅಡಗಿತ್ತೆಂದು ಹೇಳುವುದು ಸರಿಯಲ್ಲ. ಅದು ಊರೂರಿನ ಕಪಾಟುಗಳಲ್ಲಿ ಬೆಳಕಿಗೆ ತೆರೆದೇ ಇತ್ತು.

ಪ್ರತಿಯನ್ನು ಪಡೆದವರಲ್ಲಿ ಮುಖ್ಯನಾದವನು ಮ್ಯೂನಿಕ್ ನಗರದ ಸಸ್ಯಶಾಸ್ತ್ರಜ್ಞ ಕಾರ್ಲ್ ನೇಗೆಲಿ. ಅವನು ಉತ್ತರ ಬರೆದನು. ಆದರೆ ಲೆಕ್ಕದ ಮಾತು ಅವನ ಮನಸ್ಸಿಗೆ ಹಿಡಿಸಲಿಲ್ಲ. ಮೆಂಡೆಲನು ತನ್ನ ಬಟಾಣಿ ಬೀಜಗಳ 140 ಪೊಟ್ಟಣಗಳನ್ನು ಕಳುಹಿಸಿ, ಬಿತ್ತಿ ನೋಡುವಂತೆ ಕೇಳಿಕೊಂಡನು. ನೇಗೆಲಿ ತಾನು ಪ್ರೀತಿಸುತ್ತಿದ್ದ ಹೈರೇಸಿಯಂ ಎಂಬ ಹಳದಿ ಹೂವಿನ ಕಾಡುಗಿಡದ ಮೇಲೆ ಪ್ರಯೋಗ ನಡೆಸಲು ಅವನನ್ನು ಪ್ರೋತ್ಸಾಹಿಸಿದನು. ಆ ಹೂವಿನ ಕೇಸರಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಮಸೂರದ ಕೆಳಗೆ ಕೂಡುವ ಬೆಳಕಿನಲ್ಲಿ ವರುಷಗಟ್ಟಲೆ ದುಡಿದು ಮೆಂಡೆಲನ ಕಣ್ಣುಗಳು ಬಳಲಿದುವು. ದೊರೆತ ಫಲ ಬಟಾಣಿಯ ನಿಯಮಕ್ಕೆ ವಿರುದ್ಧವಾಗಿತ್ತು. ಆ ಗಿಡವು ಬಹುಮಟ್ಟಿಗೆ ಪರಾಗದ ನೆರವಿಲ್ಲದೆಯೇ ಬೀಜ ಕಟ್ಟುತ್ತದೆಂಬ ಸಂಗತಿ ಆಗ ಇಬ್ಬರಿಗೂ ತಿಳಿದಿರಲಿಲ್ಲ. ಸರಿಹೊಂದದ ಆ ಫಲವನ್ನು ಮೆಂಡೆಲನು ಬಚ್ಚಿಡದೆ 1870ರಲ್ಲಿ ಪ್ರಕಟಿಸಿದನು. ಆನುವಂಶಿಕತೆಯನ್ನು ಕುರಿತ ಅವನ ಎರಡನೆಯ ಮತ್ತು ಕೊನೆಯ ಪ್ರಬಂಧ ಅದೇ. ಕೀಟಗಳ ಬಗೆಗೆ ಎರಡು ಕಿರುಲೇಖನಗಳು, ಹವಾಮಾನದ ಬಗೆಗೆ ಕೆಲವು ವರದಿಗಳು, ಇವನ್ನು ಸೇರಿಸಿದರೂ ಅವನ ಮುದ್ರಿತ ವೈಜ್ಞಾನಿಕ ಬರಹಗಳು ಹದಿಮೂರರ ಆಸುಪಾಸಿನಲ್ಲಿವೆ.

1868ರಲ್ಲಿ ನಾಪ್‌ನ ಬಳಿಕ ಮೆಂಡೆಲನೇ ಮಠಾಧಿಪತಿಯಾಗಿ ಆರಿಸಲ್ಪಟ್ಟನು. ಹದಿನಾಲ್ಕು ವರುಷಗಳ ಶಾಲೆಯ ಕೆಲಸ ಮುಗಿಯಿತು. ಆಡಳಿತದ ಹೊರೆ ಹೆಗಲೇರಿತು. 1874ರಲ್ಲಿ ಸರಕಾರ ಮಠಗಳ ಮೇಲೆ ವಿಧಿಸಿದ ತೆರಿಗೆ ಅನ್ಯಾಯವೆಂದು ಅವನು ಕಟ್ಟಕಡೆಯವರೆಗೆ ಒಬ್ಬಂಟಿಗನಾಗಿ ಹೋರಾಡಿದನು. ತೋಟಕ್ಕೆ ಬಿಡುವು ದೊರೆಯದಿದ್ದರೂ ಎಣಿಸುವ ಅಭ್ಯಾಸ ಬಿಡಲಿಲ್ಲ. ಗಾಳಿ, ಮಳೆ, ಉಷ್ಣತೆಗಳನ್ನು ಪ್ರತಿನಿತ್ಯ ಗುರುತು ಹಾಕಿಕೊಂಡನು. 1870ರ ಅಕ್ಟೋಬರಿನಲ್ಲಿ ಬ್ರನೋ ನಗರದ ಮೇಲೆ ಎರಗಿದ ಸುಂಟರಗಾಳಿಯ ವಿವರವಾದ ವರ್ಣನೆಯನ್ನು ಪ್ರಕಟಿಸಿದನು. 1884ರ ಜನವರಿ 6ರಂದು ಮೂತ್ರಪಿಂಡದ ಕಾಯಿಲೆಯಿಂದ ನಿಧನನಾದನು. ಮುಂದೆ ಸಂಗೀತಜ್ಞನಾಗಿ ಜಗತ್ಪ್ರಸಿದ್ಧನಾದ ಯಾನಾಚೆಕ್ ಅಂತ್ಯಕ್ರಿಯೆಯಲ್ಲಿ ಆರ್ಗನ್ ನುಡಿಸಿದನು. ನೆರೆದ ಜನ ಸಜ್ಜನನಾದ ಮಠಾಧಿಪತಿಗಾಗಿ ಕಣ್ಣೀರು ಸುರಿಸಿದರು. ಒಬ್ಬ ಮಹಾವಿಜ್ಞಾನಿ ಅಗಲಿದನೆಂಬುದು ಅವರಿಗೆ ತಿಳಿದಿರಲಿಲ್ಲ. ಅದೇ 1884ರಲ್ಲಿ ನೇಗೆಲಿ ಆನುವಂಶಿಕತೆಯನ್ನೂ ಒಳಗೊಂಡ ಬೃಹದ್ಗ್ರಂಥವೊಂದನ್ನು ಹೊರತಂದನು. ಅದರಲ್ಲಿ ಮೆಂಡೆಲನ ಹೆಸರು ಇರಲಿಲ್ಲ.

ಈಗ ಉಲ್ಲೇಖಗಳ ಲೆಕ್ಕಕ್ಕೆ ಬರೋಣ. 1866ರಿಂದ 1900ರವರೆಗಿನ ಮೂವತ್ತನಾಲ್ಕು ವರುಷಗಳಲ್ಲಿ ಬಟಾಣಿಯ ಪ್ರಬಂಧವನ್ನು ಹೆಸರಿಸಿದ ಬರಹಗಳು ಸುಮಾರು ಒಂದು ಡಜನು. ಈ ಅಲ್ಪ ಸಂಖ್ಯೆಗಿಂತಲೂ ಅವುಗಳ ಒಳಗುಟ್ಟು ಹೆಚ್ಚು ಶಿಕ್ಷಣಪ್ರದವಾಗಿದೆ. 1869ರಲ್ಲಿ ಹರ್ಮನ್ ಹಾಫ್‌ಮನ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞನು ಮೆಂಡೆಲನನ್ನು ಹೆಸರಿಸಿದನು. ಆದರೆ ಅವನಿಗೆ ಕಂಡದ್ದು ಮಿಶ್ರತಳಿಗಳು ಮೂಲರೂಪಕ್ಕೆ ಮರಳುತ್ತವೆಂಬ ಹಳೆಯ ಮಾತು ಮಾತ್ರ. 1881ರಲ್ಲಿ ಫೋಕೆ ಎಂಬವನು ಮಿಶ್ರಸಸ್ಯಗಳನ್ನು ಕುರಿತ ತನ್ನ ದೊಡ್ಡ ಗ್ರಂಥದಲ್ಲಿ ಹಲವು ಕಡೆ ಮೆಂಡೆಲನ ಹೆಸರನ್ನೆತ್ತಿದನು; ಮೆಂಡೆಲನು ಸ್ಥಿರವಾದ ಸಂಖ್ಯಾಪ್ರಮಾಣಗಳನ್ನು ಕಂಡೆನೆಂದು ನಂಬಿದ್ದಾನೆ ಎಂಬಷ್ಟಕ್ಕೇ ಆ ವಿಷಯವನ್ನು ಮುಗಿಸಿದನು.

ಫೋಕೆಯ ಗ್ರಂಥದ ಒಂದು ಪ್ರತಿ ಚಾರ್ಲ್ಸ್ ಡಾರ್ವಿನ್ನನ ಕೈಸೇರಿತ್ತು. ಜೀವಿಗಳ ಗುಣಗಳು ಸಂತತಿಗೆ ಹೇಗೆ ಇಳಿದುಬರುತ್ತವೆಂದು ತಿಳಿಯದೆ ಡಾರ್ವಿನ್ನನು ಜೀವಮಾನವೆಲ್ಲ ತೊಳಲಿದ್ದನು. ಅಂದಿನ ಪುಸ್ತಕಗಳ ಹಾಳೆಗಳನ್ನು ಓದುಗನೇ ಕತ್ತರಿಸಿ ಬಿಡಿಸಿಕೊಳ್ಳಬೇಕಾಗಿತ್ತು. ಡಾರ್ವಿನ್ನನ ಪ್ರತಿಯಲ್ಲಿ ಮೆಂಡೆಲನ ಬಟಾಣಿಯ ವಿಷಯವಿದ್ದ ಹಾಳೆಗಳು ಕತ್ತರಿಸದೆಯೇ ಉಳಿದಿವೆ. ಆ ಪ್ರತಿಯನ್ನು ಅವನು ತನ್ನ ಕಿರಿಯ ಮಿತ್ರ ರೊಮೇನ್ಸ್ ಎಂಬವನಿಗೆ ಎರವಲಾಗಿ ಕೊಟ್ಟನು. ರೊಮೇನ್ಸನು ಬ್ರಿಟಾನಿಕ ವಿಶ್ವಕೋಶಕ್ಕೆ ಮಿಶ್ರತಳಿಗಳ ಬಗೆಗೆ ಬರೆಯುತ್ತ, ಆ ಕ್ಷೇತ್ರದಲ್ಲಿ ದುಡಿದವರ ಪಟ್ಟಿಯಲ್ಲಿ ಮೆಂಡೆಲನ ಹೆಸರನ್ನು ಸೇರಿಸಿದನು. ಅಂದರೆ ಹಾಳೆ ಬಿಡಿಸಲಿಲ್ಲ. ಉಲ್ಲೇಖ ಮಾತ್ರ ನಡೆಯಿತು! ಅಮೆರಿಕದ ಬೇಲಿ ಎಂಬ ತೋಟಗಾರಿಕೆಯ ವಿದ್ವಾಂಸನು 1892ರಲ್ಲಿ ಮೆಂಡೆಲನ ಪ್ರಬಂಧವನ್ನು ತನ್ನ ಗ್ರಂಥಸೂಚಿಯಲ್ಲಿ ಕಾಣಿಸಿದನು. ಅವನೂ ಮೂಲವನ್ನು ನೋಡದೆ ಫೋಕೆಯಿಂದ ಎತ್ತಿಕೊಂಡವನೇ. ಉಲ್ಲೇಖಗಳನ್ನು ಎಣಿಸುವವನ ಪುಸ್ತಕದಲ್ಲಿ ಇವೆಲ್ಲವೂ ಒಂದೊಂದು ಅಂಕವಾಗಿ ಜಮೆಯಾಗುತ್ತವೆ. ಓದಿದವರ ಲೆಕ್ಕ ತೆಗೆದರೆ ಉಳಿಯುವುದು ಅತ್ಯಲ್ಪ.

ಆದರೆ ಉಲ್ಲೇಖಗಳು ವ್ಯರ್ಥವೆಂದು ತೀರ್ಮಾನಿಸುವುದೂ ನ್ಯಾಯವಲ್ಲ. 1900ನೆಯ ಇಸವಿಯಲ್ಲಿ ಹಾಲೆಂಡಿನ ಹ್ಯೂಗೊ ದ ವ್ರೀಸ್, ಜರ್ಮನಿಯ ಕಾರ್ಲ್ ಕೋರೆನ್ಸ್, ಆಸ್ಟ್ರಿಯಾದ ಚೆರ್ಮಾಕ್ ಎಂಬ ಮೂವರು ಬೇರೆಬೇರೆಯಾಗಿ ಗಿಡಗಳ ಮಿಶ್ರಣದ ಪ್ರಯೋಗಗಳನ್ನು ನಡೆಸಿ ಮೂರಕ್ಕೊಂದರ ಪ್ರಮಾಣವನ್ನು ಕಂಡರು. ತಮಗಿಂತ ಹಿಂದೆ ಯಾರಾದರೂ ಈ ದಾರಿಯಲ್ಲಿ ನಡೆದಿದ್ದಾರೆಯೇ ಎಂದು ಹಳೆಯ ಗ್ರಂಥಗಳನ್ನು ತಿರುವಿಹಾಕಿದಾಗ ಮೆಂಡೆಲನು ಎದುರಾದನು. ಚೆರ್ಮಾಕನಿಗೆ ದಾರಿ ತೋರಿದ್ದು ಫೋಕೆಯ ಆ ನಿರುತ್ಸಾಹದ ಸಾಲುಗಳೇ. ದ ವ್ರೀಸನು ತನ್ನ ಮೊದಲ ಫ್ರೆಂಚ್ ಟಿಪ್ಪಣಿಯಲ್ಲಿ ಮೆಂಡೆಲನನ್ನು ಹೆಸರಿಸಲಿಲ್ಲ. ಅದನ್ನು ಓದಿದ ಕೋರೆನ್ಸನು ಕೂಡಲೇ ಲೇಖನವೊಂದನ್ನು ಬರೆದು, ಅದರ ಶೀರ್ಷಿಕೆಯಲ್ಲಿಯೇ ಮೆಂಡೆಲನ ನಿಯಮವೆಂಬ ಹೆಸರನ್ನಿಟ್ಟನು. ಮೊದಲಿಗನೆಂಬ ಕೀರ್ತಿ ತನ್ನದಲ್ಲವೆಂದು ಕಂಡಾಗ ಅದನ್ನು ಸತ್ತವನಿಗೆ ಸಲ್ಲಿಸಿದ ಈ ಪ್ರಾಮಾಣಿಕತೆ ಸ್ಮರಣೀಯವಾದುದು. ಹೀಗೆ ಉಲ್ಲೇಖವೆಂಬುದು ಕಾಡಿನ ದಾರಿಯಲ್ಲಿ ನೆಟ್ಟ ಕೈಕಂಬದಂತೆ. ನೆಟ್ಟವನಿಗೆ ಊರು ಗೊತ್ತಿಲ್ಲದಿದ್ದರೂ ಹೊರಟವನಿಗೆ ಅದು ಊರನ್ನು ತೋರಿಸೀತು. ಆದರೆ ಕೈಕಂಬಗಳನ್ನು ಎಣಿಸಿ ಊರಿನ ಹಿರಿಮೆಯನ್ನು ಹೇಳಲಾಗದು.

ಮುಂದಿನ ಕತೆ ಶೀಘ್ರವಾಗಿ ನಡೆಯಿತು. ಕೇಂಬ್ರಿಜಿನ ವಿಲಿಯಂ ಬೇಟ್ಸನ್ ಮೆಂಡೆಲನ ಪಕ್ಷವನ್ನು ಹಿಡಿದು ವಾದಿಸಿದನು. 1901ರಲ್ಲಿ ಪ್ರಬಂಧದ ಇಂಗ್ಲಿಷ್ ಅನುವಾದ ಹೊರಬಂದಿತು. ಹೊಸ ಶಾಸ್ತ್ರಕ್ಕೆ ಜೆನೆಟಿಕ್ಸ್ ಎಂದು ಹೆಸರಿಟ್ಟವನೂ ಬೇಟ್ಸನ್ನನೇ. 1909ರಲ್ಲಿ ಯೊಹಾನ್ಸೆನ್ ಎಂಬವನು ಮೆಂಡೆಲನ ಅಂಶಕ್ಕೆ ಜೀನ್ ಎಂಬ ಹೆಸರನ್ನು ಕೊಟ್ಟನು. 1910ರಿಂದೀಚೆಗೆ ಅಮೆರಿಕದ ಮಾರ್ಗನ್ ಹಣ್ಣಿನ ನೊಣಗಳ ಮೇಲೆ ನಡೆಸಿದ ಶೋಧಗಳು ಈ ಅಂಶಗಳು ವರ್ಣತಂತುಗಳಲ್ಲಿರುವುದನ್ನು ಸಿದ್ಧಪಡಿಸಿದುವು. ಮೆಂಡೆಲನ ಅಂಕಿಗಳು ಕಠಿಣವಾದ ಪರಿಶೀಲನೆಗೂ ಒಳಗಾದುವು. 1936ರಲ್ಲಿ ಗಣಿತಜ್ಞ ಫಿಶರ್ ಆ ಅಂಕಿಗಳು ನಿರೀಕ್ಷೆಗೆ ಅತಿಯಾಗಿ ಹೊಂದುತ್ತವೆಂದು ಆಕ್ಷೇಪಿಸಿದನು. ಈ ವಿಷಯದ ಚರ್ಚೆ ದಶಕಗಳ ಕಾಲ ನಡೆದಿದೆ. ನಿಯಮ ಮಾತ್ರ ಅಲುಗಲಿಲ್ಲ. ಬೀಜ ಸುಕ್ಕುಗಟ್ಟುವುದೇಕೆಂಬುದು 1990ರಲ್ಲಿ ತಿಳಿಯಿತು. ಪಿಷ್ಟವನ್ನು ಸರಿಯಾಗಿ ಕಟ್ಟುವ ಕಿಣ್ವದ ಜೀನಿನ ನಡುವೆ ಸುಮಾರು 800 ಅಕ್ಷರಗಳ ಅಧಿಕವಾದ ತುಂಡೊಂದು ಸೇರಿಕೊಂಡಿದೆ. ಅದರಿಂದ ಬೀಜದಲ್ಲಿ ಸಕ್ಕರೆ ಹೆಚ್ಚಿ, ನೀರು ಹೆಚ್ಚಾಗಿ ತುಂಬಿ, ಒಣಗುವಾಗ ಸಿಪ್ಪೆ ಕುಗ್ಗುತ್ತದೆ. ಏಳು ಲಕ್ಷಣಗಳಲ್ಲಿ ಕೊನೆಯ ಮೂರರ ಜೀನುಗಳ ವಿವರ 2025ರಲ್ಲಿ ಪ್ರಕಟವಾಯಿತು. ಮಠದ ತೋಟದಲ್ಲಿ ಎತ್ತಿದ ಪ್ರಶ್ನೆಗೆ ಪೂರ್ಣವಾದ ಉತ್ತರ ದೊರೆಯಲು ನೂರೈವತ್ತಕ್ಕೂ ಹೆಚ್ಚು ವರುಷಗಳು ಬೇಕಾದುವು.

ಇಂದಿನ ಅಳತೆಗೋಲನ್ನು ಈ ಬಾಳಿಗೆ ಹಿಡಿದು ನೋಡೋಣ. ಪತ್ರಿಕೆಗಳ ಪ್ರಭಾವವನ್ನು ಅಳೆಯುವವರು ಸಾಮಾನ್ಯವಾಗಿ ಲೇಖನ ಪ್ರಕಟವಾದ ಮುಂದಿನ ಎರಡು ವರುಷಗಳಲ್ಲಿ ಬಂದ ಉಲ್ಲೇಖಗಳನ್ನು ಎಣಿಸುತ್ತಾರೆ. ಮೇಲೆ ಹೇಳಿದ ಹಾಫ್‌ಮನ್ನನ ಉಲ್ಲೇಖ ಬಂದುದು ಮೂರನೆಯ ವರುಷದಲ್ಲಿ. ಆದುದರಿಂದ ಅದೂ ಲೆಕ್ಕಕ್ಕೆ ಸೇರದು. 2005ರಲ್ಲಿ ಹಿರ್ಷ್ ಎಂಬ ಭೌತಶಾಸ್ತ್ರಜ್ಞನು ಸೂಚಿಸಿದ ಎಚ್-ಸೂಚ್ಯಂಕವೆಂಬ ಇನ್ನೊಂದು ಅಳತೆಯುಂಟು. ಒಬ್ಬನಿಗೆ ಹತ್ತು ಅಂಕ ದೊರೆಯಬೇಕಾದರೆ, ತಲಾ ಹತ್ತು ಸಲವಾದರೂ ಉಲ್ಲೇಖಗೊಂಡ ಹತ್ತು ಪ್ರಬಂಧಗಳು ಅವನಿಗಿರಬೇಕು. ಆನುವಂಶಿಕತೆಯಲ್ಲಿ ಮೆಂಡೆಲನದು ಎರಡೇ ಪ್ರಬಂಧ. ಲಕ್ಷ ಜನ ಉಲ್ಲೇಖಿಸಿದರೂ ಅವುಗಳಿಂದ ಬರುವ ಅಂಕ ಎರಡನ್ನು ಮೀರಲಾರದು! ಇನ್ನು ಅವನ ಕೀರ್ತಿ ತುತ್ತತುದಿಗೇರಿದ ಮೇಲಿನ ಸ್ಥಿತಿಯೋ ಮತ್ತೂ ವಿಚಿತ್ರವಾದುದು. ಮೆಂಡೆಲನ ನಿಯಮ ಎಲ್ಲರ ಪಾಠಪುಸ್ತಕಗಳನ್ನು ಸೇರಿತು. ಎಲ್ಲರಿಗೂ ಗೊತ್ತಿರುವ ಮಾತಿಗೆ ಯಾರೂ ಆಧಾರಗ್ರಂಥವನ್ನು ಕಾಣಿಸುವುದಿಲ್ಲ. ತಳಿವಿಜ್ಞಾನದ ಸಾವಿರಾರು ಪ್ರಬಂಧಗಳು 1866ರ ಮೂಲವನ್ನು ಹೆಸರಿಸದೆಯೇ ಅದರ ಮೇಲೆ ನಿಂತಿವೆ. ಯಾರಿಗೂ ತಿಳಿಯದಿದ್ದಾಗಲೂ ಉಲ್ಲೇಖವಿಲ್ಲ; ಎಲ್ಲರಿಗೂ ತಿಳಿದಾಗಲೂ ಉಲ್ಲೇಖವಿಲ್ಲ.

ಹಾಗಾದರೆ ಎಣಿಕೆಯೇ ಕೆಟ್ಟದ್ದೆ? ಅಲ್ಲ; ಮೆಂಡೆಲನಷ್ಟು ನಿಷ್ಠೆಯಿಂದ ಎಣಿಸಿದವರು ವಿರಳ. ಅವನು ಮೊದಲು ಪ್ರಶ್ನೆಯನ್ನು ಸ್ಪಷ್ಟಪಡಿಸಿಕೊಂಡನು. ಎರಡು ವರುಷ ತಳಿಗಳನ್ನು ಶೋಧಿಸಿದನು. ಯಾವುದನ್ನು ಎಣಿಸಿದರೆ ಉತ್ತರ ಸಿಗುವುದೆಂದು ತಿಳಿದ ಮೇಲೆ ಎಣಿಸಿದನು. ಆದುದರಿಂದಲೇ ಬಟಾಣಿ ಕಾಳುಗಳು ಅವನೊಡನೆ ಮಾತನಾಡಿದುವು. ಉಲ್ಲೇಖಗಳ ಎಣಿಕೆಯು ಒಂದು ಬರಹ ಎಷ್ಟು ಜನರ ಲೇಖನಿಗೆ ಸಿಕ್ಕಿತೆಂಬ ಪ್ರಶ್ನೆಗೆ ಉತ್ತರ ಕೊಡುತ್ತದೆ. ಆ ಬರಹ ಸತ್ಯವೇ, ಆಳವಾದುದೇ ಎಂಬ ಪ್ರಶ್ನೆಯನ್ನು ಅದು ಕೇಳಿಯೇ ಇಲ್ಲ. ಕೇಳದ ಪ್ರಶ್ನೆಗೆ ಅದರಿಂದ ಉತ್ತರವನ್ನು ಪಡೆಯಹೊರಟರೆ ತಪ್ಪು ನಮ್ಮದು.

ನಮ್ಮ ವಿದ್ಯಾರ್ಥಿ ಮಿತ್ರರು ಪ್ರತಿವರುಷ ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿಯುವವರು. ಅಂಕಗಳು ಬೇಡವೆಂದು ನಾವು ಹೇಳೆವು. ಅನುತ್ತೀರ್ಣರಾದವರೆಲ್ಲ ಮೆಂಡೆಲರಾಗುವರೆಂದು ಭರವಸೆಯನ್ನೂ ಕೊಡೆವು. ಅಂಕಪಟ್ಟಿ ಯಾವ ಪ್ರಶ್ನೆಗೆ ಉತ್ತರವೆಂಬುದನ್ನು ಮಾತ್ರ ಮರೆಯಬಾರದು. ಅದಕ್ಕಿಂತಲೂ ಮುಖ್ಯವಾದ ಮಾತೊಂದುಂಟು. ಮೆಂಡೆಲನ ಪ್ರಬಂಧಕ್ಕೆ ಮೂವತ್ತನಾಲ್ಕು ವರುಷಗಳ ಕಾಲ ಕಡಮೆಯಾಗಿದ್ದುದು ಹೆಸರಿಸುವವರಲ್ಲ, ಮನಸ್ಸಿಟ್ಟು ಓದುವವರು. ನಮ್ಮ ಗ್ರಂಥಭಂಡಾರಗಳ ಕಪಾಟುಗಳಲ್ಲಿಯೂ ಹಾಳೆ ಬಿಡಿಸದ ಎಷ್ಟೋ ಪುಸ್ತಕಗಳು ಕಾದು ಕುಳಿತಿರಬಹುದು. ಅವುಗಳಲ್ಲಿ ಒಂದನ್ನು ತೆರೆದು, ಅದು ಹೇಳುವುದನ್ನು ಕೊನೆಯವರೆಗೆ ಓದುವ ತಾಳ್ಮೆಯನ್ನು ನಾವು ಬೆಳೆಸಿಕೊಂಡರೆ, ಬ್ರನೋ ನಗರದ ಆ ಬದಲಿ ಶಿಕ್ಷಕನಿಗೆ ಸಲ್ಲಬೇಕಾದ ಗೌರವ ಸಲ್ಲುವುದು.